ಪೊರೆ ನೋಡಿ ಹಾವು ಗುರುತಿಸೋದು, ಮತ್ತೆ ಹಾವು ಸಾಕೋ ಆಸೆ

ಒಳಗೆ ಬರೋಕೆ ಮುಂಚೆ ಮೆಟ್ಟಿಲ ಹತ್ರ ಒಬ್ಬ ಹುಡುಗ, ಪಿಯುಸಿ ಓದ್ತಿರಬೇಕು, ಮೆಲ್ಲಗೆ ಬಂದು ಕೇಳ್ದ. ಸಾರ್, ನಂಗೆ ಹಾವು ಸಾಕಬೇಕು ಅಂತ ತುಂಬಾ ಆಸೆ, ತೋಟದಲ್ಲಿ ವಿಷ ಇಲ್ದೇ ಇರೋದು ಯಾವುದಾದ್ರೂ ಸಿಕ್ರೆ ಇಟ್ಕೋಬಹುದಾ ಅಂತ. ನಾನು ಇವತ್ತು ಬೇರೆ ಏನೋ ಮಾತಾಡ್ಬೇಕು ಅಂತ ಟಿಪ್ಪಣಿ ಮಾಡ್ಕೊಂಡು ಬಂದಿದ್ದೆ, ಆದ್ರೆ ಆ ಹುಡುಗನ ಪ್ರಶ್ನೆನೇ ಇಟ್ಕೊಂಡು ಮಾತಾಡೋಣ ಅನ್ನಿಸ್ತು, ಯಾಕಂದ್ರೆ ಅವನ ವಯಸ್ಸಲ್ಲಿ ನಂಗೂ ಅದೇ ಆಸೆ ಇತ್ತು, ಮತ್ತೆ ಆ ಆಸೆ ಕೆಟ್ಟದ್ದು ಅಂತ ನಾನು ಯಾವತ್ತೂ ಹೇಳಲ್ಲ.

ಮೊದ್ಲು ಅವನ ಪ್ರಶ್ನೆಯೊಳಗೇ ಒಂದು ಮಾತಿದೆ ನೋಡಿ, "ವಿಷ ಇಲ್ದೇ ಇರೋದು" ಅಂತ. ವಿಷ ಇಲ್ಲ ಅಂತ ಗೊತ್ತಾಗೋದು ಹೇಗೆ? ಇಲ್ಲಿ ಕೂತಿರೋರಲ್ಲಿ ತುಂಬಾ ಜನ ಹೇಳ್ತೀರಿ, ತಲೆ ತ್ರಿಕೋನ ಇದ್ರೆ ವಿಷದ್ದು, ಉದ್ದ ಇದ್ರೆ ಅಲ್ಲ ಅಂತ. ಇದನ್ನ ದಯವಿಟ್ಟು ಇವತ್ತೇ ಬಿಟ್ಬಿಡಿ. ನಾಗರಹಾವಿನ ತಲೆ ತ್ರಿಕೋನ ಅಲ್ಲ, ಕಟ್ಟುಹಾವಿನ ತಲೆಯಂತೂ ಕುತ್ತಿಗೆಗಿಂತ ಅಗಲನೇ ಅಲ್ಲ, ಎರಡೂ ಮನುಷ್ಯನನ್ನ ಕೊಲ್ಲೋವಷ್ಟು ವಿಷ ಇರೋವು. ಇನ್ನೊಂದು ಕಡೆ ಬೆಕ್ಕುಗಣ್ಣಿನ ಹಾವು ಅಂತ ಇದೆ, ಪಾಪ, ಹೆದರಿದಾಗ ತಲೆ ಚಪ್ಪಟೆ ಮಾಡ್ಕೊಂಡು ಸುರುಳಿ ಸುತ್ಕೊಂಡು ಥೇಟ್ ವಿಷದ ಮಂಡಲದ ಹಾವಿನ ಥರ, ಅದೇ ಕೊಳಕುಮಂಡಲದ ಥರ ಕೂರತ್ತೆ, ಅದ್ರಿಂದ ಮನುಷ್ಯನ ಜೀವಕ್ಕೆ ಅಪಾಯ ಇಲ್ಲ, ಆದ್ರೆ ಆ ತ್ರಿಕೋನದ ತಲೆ ನೋಡಿಯೇ ಜನ ಅದನ್ನ ಬಡಿದು ಹಾಕ್ತಾರೆ.

ನಮ್ಮ ಹಾಸನ ಚಿಕ್ಕಮಗಳೂರು ಎರಡು ಜಿಲ್ಲೆಗೂ ಒಂದು ವಿಶೇಷ ಇದೆ. ಅರಸೀಕೆರೆ, ಕಡೂರು ಕಡೆ ಹೋದ್ರೆ ಒಣಭೂಮಿ, ರಾಗಿ, ತೆಂಗು. ಅಲ್ಲಿಂದ ಎರಡು ಮೂರು ಗಂಟೆ ಗಾಡಿ ಓಡಿಸಿದ್ರೆ ಬಿಸಿಲೆ ಘಾಟಿ, ಇತ್ಲಾಗೆ ಮೂಡಿಗೆರೆ, ಕಳಸ, ಕುದುರೆಮುಖ, ಮಳೆಕಾಡು. ಅಂದ್ರೆ ಮಂಡಲದ ಹಾವೂ ಕಾಳಿಂಗನೂ ಒಂದೇ ಜಿಲ್ಲೆಯೊಳಗೆ ಬದುಕ್ತಿವೆ. ಹಾಗಾಗಿ ಹಾವು ಗುರುತಿಸೋರು ಮೊದ್ಲು ಕೇಳ್ಬೇಕಾದ ಪ್ರಶ್ನೆ ಬಣ್ಣ ಯಾವುದು ಅಂತ ಅಲ್ಲ, ಎಲ್ಲಿ ಕಂಡ್ರಿ, ಎಷ್ಟು ಹೊತ್ತಿಗೆ, ಏನು ಮಾಡ್ತಿತ್ತು ಅಂತ. ಬಣ್ಣ ನಂಬೋಕಾಗಲ್ಲ. ಮಲಬಾರ್ ಪಿಟ್ ವೈಪರ್ ಅನ್ನೋ ವಿಷದ ಹಾವು ಒಂದೇ ಜಾತಿ, ಹಸಿರು ಇರತ್ತೆ, ಹಳದಿ ಇರತ್ತೆ, ಕಂದು ಇರತ್ತೆ, ಇಟ್ಟಿಗೆ ಕೆಂಪೂ ಇರತ್ತೆ, ನಮ್ಮ ತೋಟದಲ್ಲೇ ಒಂದೇ ಮಳೆಗಾಲದಲ್ಲಿ ಮೂರು ಬಣ್ಣದ್ದು ನೋಡಿದೀನಿ.

ಈಗ ಒಂದು ಜೋಡಿನ ಹತ್ತಿರದಿಂದ ನೋಡೋಣ, ಇದೊಂದು ಸರಿಯಾಗಿ ತಿಳ್ಕೊಂಡ್ರೆ ನೀವು ಬಂದಿದ್ದು ಸಾರ್ಥಕ. ಕಟ್ಟುಹಾವು ಮತ್ತೆ ತೋಳಹಾವು. ನಮ್ಮೂರಲ್ಲಿ ಎರಡಕ್ಕೂ ಕಟ್ಟುಹಾವು ಅಂತಾನೇ ಕರೀತಾರೆ, ಅದ್ರಿಂದಾನೇ ಎಡವಟ್ಟು. ಮಳೆಗಾಲದಲ್ಲಿ ರಾತ್ರಿ ಫೋನ್ ಬರತ್ತೆ, ಅಣ್ಣಾ ಬಚ್ಚಲಲ್ಲಿ ಹಂಡೆ ಒಲೆ ಹಿಂದೆ ಕಪ್ಪು ಹಾವು, ಮೈಮೇಲೆ ಬಿಳಿ ಪಟ್ಟೆ ಇದೆ ಅಂತ. ಹೋಗಿ ಟಾರ್ಚ್ ಹಾಕಿ ನೋಡಿದ್ರೆ ಗೋಡೆಯ ಗಾರೆ ಕಿತ್ತಿರೋ ಜಾಗಕ್ಕೆ ಹೊಟ್ಟೆ ಆನಿಸ್ಕೊಂಡು ಹಲ್ಲಿ ಹಿಂದೆ ಹತ್ತಿರತ್ತೆ. ಅದು ತೋಳಹಾವು, ಗೋಡೆ ಹತ್ತೋದ್ರಲ್ಲಿ ನಿಸ್ಸೀಮ. ಆದ್ರೆ ಗೋಡೆ ಮೇಲಿದೆ ಅಂತ ಮಾತ್ರಕ್ಕೆ ತೀರ್ಮಾನ ಮಾಡ್ಬಾರ್ದು, ಪಟ್ಟೆ ನೋಡ್ಬೇಕು. ತೋಳಹಾವಿನ ಪಟ್ಟೆ ಕುತ್ತಿಗೆ ಹತ್ರನೇ ಶುರುವಾಗಿ ಮುಂದಿನ ಭಾಗದಲ್ಲಿ ಚೆನ್ನಾಗಿ ಕಾಣ್ತವೆ, ಬಾಲದ ಕಡೆ ಹೋಗ್ತಾ ಹೋಗ್ತಾ ಮಾಸಿ ಹೋಗ್ತವೆ, ಪಕ್ಕದಲ್ಲಿ ಪಟ್ಟೆ ಕವಲೊಡೆದ ಹಾಗಿರತ್ತೆ. ಕಟ್ಟುಹಾವಿಗೆ ಉಲ್ಟಾ. ಕುತ್ತಿಗೆ ಹತ್ರ ಪಟ್ಟೆ ಇರಲ್ಲ, ಇದ್ರೂ ಚುಕ್ಕಿ ಥರ, ಹಿಂದೆ ಹೋದಷ್ಟೂ ಸ್ಪಷ್ಟ, ತೆಳ್ಳಗಿನ ಬಿಳಿ ಗೆರೆ, ತುಂಬಾ ಸಲ ಜೋಡಿ ಜೋಡಿಯಾಗಿ. ಮೈ ಕಪ್ಪುನೀಲಿ, ಎಣ್ಣೆ ಹಚ್ಚಿದ ಹಾಗೆ ಮಿಂಚು. ಇನ್ನೂ ಒಂದು ಗುರುತು ಬೆನ್ನಿನ ನಡುವೆ ಇದೆ. ಕಟ್ಟುಹಾವಿನ ಬೆನ್ನಿನ ಮಧ್ಯದ ಒಂದು ಸಾಲು ಹುರುಪೆ ಪಕ್ಕದವಕ್ಕಿಂತ ದೊಡ್ಡದು, ಆರು ಮೂಲೆ, ಜೇನುಗೂಡಿನ ಕಣ್ಣುಗಳನ್ನ ಸಾಲಾಗಿ ಜೋಡಿಸಿದ ಹಾಗೆ. ತೋಳಹಾವಿಗೆ ಆ ಸಾಲು ಇಲ್ಲ.

ಅದನ್ನ ನೋಡೋಕೆ ಹತ್ರ ಹೋಗ್ಬೇಕಲ್ಲ ಅಂತ ನೀವು ಕೇಳ್ಬಹುದು. ಬೇಡ, ಹೋಗ್ಲೇಬೇಡಿ. ಕಟ್ಟುಹಾವು ಕಚ್ಚಿದ್ರೆ ನೋವೇ ಇರಲ್ಲ ಎಷ್ಟೋ ಸಲ, ಊತ ಇರಲ್ಲ, ನೆಲದ ಮೇಲೆ ಮಲಗಿದೋರಿಗೆ ಸೊಳ್ಳೆ ಕಚ್ಚಿದ ಹಾಗನ್ಸತ್ತೆ, ಬೆಳಗಿನ ಜಾವ ಹೊಟ್ಟೆನೋವು, ಆಮೇಲೆ ರೆಪ್ಪೆ ಎತ್ತೋಕಾಗಲ್ಲ, ಮಾತು ತೊದಲತ್ತೆ, ಉಸಿರಾಟ ನಿಲ್ಲತ್ತೆ. ತೋಟದ ಕೆಲಸದೋರು ಇರೋ ಲೈನ್ ಮನೆಗಳಲ್ಲಿ ಮಂಚ ಇರ್ಬೇಕು, ಸೊಳ್ಳೆಪರದೆ ಹಾಸಿಗೆ ಅಡಿಗೆ ಸಿಗಿಸಿರ್ಬೇಕು ಅಂತ ನಾನು ಪ್ಲಾಂಟರ್‌ಗಳ ಹತ್ರ ಪ್ರತಿ ವರ್ಷ ಹೇಳೋದು ಇದಕ್ಕೇನೆ. ಒಂದು ಸೊಳ್ಳೆಪರದೆ ಉಳಿಸೋಷ್ಟು ಜೀವ ನಾನು ಹಾವು ಹಿಡಿದು ಉಳಿಸಿಲ್ಲ.

ಹತ್ರ ಹೋಗ್ದೇನೇ ಹುರುಪೆ ನೋಡೋ ದಾರಿ ಒಂದಿದೆ, ಪೊರೆ. ಇದು ನಂಗೆ ತುಂಬಾ ಇಷ್ಟದ ವಿಷಯ, ಸ್ವಲ್ಪ ಸಮಯ ತಗೋತೀನಿ. ಕಟ್ಟಿಗೆ ರಾಶಿ ಸಂದಿ, ಕಲ್ಲುಗೋಡೆ, ಕೊಟ್ಟಿಗೆ ಹೆಂಚಿನ ಅಡಿ, ಇಲ್ಲೆಲ್ಲ ಪೊರೆ ಸಿಗತ್ತೆ. ಹಾವು ತುಟಿ ಅಂಚನ್ನ ಕಲ್ಲಿಗೋ ಕಡ್ಡಿಗೋ ಉಜ್ಜಿ ಬಿಡಿಸ್ಕೊಂಡು, ಕಾಲುಚೀಲ ಕಳಚಿದ ಹಾಗೆ ಒಳಮೈ ಹೊರಗಾಗಿ ಬಿಟ್ಟು ಹೋಗಿರತ್ತೆ. ಕಣ್ಣಿನ ಮೇಲಿದ್ದ ಕವಚ ಕೂಡ ಅದ್ರಲ್ಲಿ ಬಂದಿರತ್ತೆ, ಎರಡು ಪುಟ್ಟ ಗಾಜಿನ ಬಟ್ಟಲಿನ ಥರ. ಹಾವಿಗೆ ರೆಪ್ಪೆ ಇಲ್ಲ ನೋಡಿ, ಆ ಕವಚನೇ ಕಣ್ಣು ಕಾಯೋದು. ಪೊರೆ ಎಳೆದು ಹಿಗ್ಗಿರತ್ತೆ, ಆದ್ರಿಂದ ಆರಡಿ ಪೊರೆ ಸಿಕ್ರೆ ಹಾವು ಆರಡಿ ಅಂತ ಹೇಳೋಕೆ ಹೋಗ್ಬೇಡಿ, ಅದಕ್ಕಿಂತ ಚಿಕ್ಕದೇ ಇರತ್ತೆ. ಈಗ ಅದನ್ನ ಬೆಳಕಿಗೆ ಹಿಡಿದು ಬೆನ್ನಿನ ಸಾಲು ನೋಡಿ, ಆರು ಮೂಲೆ ದೊಡ್ಡ ಹುರುಪೆ ಇದ್ರೆ ಕಟ್ಟುಹಾವು ಅಂತ ಅನುಮಾನ ಪಡಿ. ಆಮೇಲೆ ಬಾಲದ ಅಡಿ ಕಡೆ ನೋಡಿ, ಕಟ್ಟುಹಾವಿಗೆ ಅಲ್ಲಿ ಹುರುಪೆ ಇಡಿಯಾಗಿರತ್ತೆ, ತೋಳಹಾವು, ನಾಗರಹಾವು, ಕೇರೆ ಇವಕ್ಕೆಲ್ಲ ನಡುವೆ ಸೀಳಿ ಎರಡೆರಡಾಗಿರತ್ತೆ. ಮಂಡಲದ್ದಾದ್ರೆ ಬೆನ್ನಿನ ಹುರುಪೆಗಳ ಮೇಲೆ ಒಂದೊಂದು ಏಣು ಇರತ್ತೆ, ಬೆರಳಿಗೆ ಒರಟಾಗಿ ಸಿಗತ್ತೆ. ಹೆಬ್ಬಾವಿನ ಪೊರೆ ನುಣುಪು. ನಮ್ಮನೇಲಿ ಕೊಯ್ಲು ಮುಗಿಸಿ ಗೋಡೌನ್ ಗುಡಿಸೋವಾಗ ಹೆಂಗಸರು ಈಗ ಪೊರೆ ಎಸೆಯಲ್ಲ, ಅಯ್ಯಾ ಇದ್ಯಾರ್ದು ನೋಡಿ ಅಂತ ಕರೀತಾರೆ. ಫೋಟೋ ತೆಗ್ದು ದಿನಾಂಕ ಬರ್ಕೊಂಡು ಅಲ್ಲೇ ಬಿಡ್ತೀವಿ.

ಇನ್ನುಳಿದ ಜೋಡಿಗಳನ್ನ ಬೇಗ ಹೇಳಿಬಿಡ್ತೀನಿ. ಮಂಡಲದ ಹಾವಿನ ಮೈಮೇಲೆ ಸರಪಳಿ ಥರ ಮೂರು ಸಾಲು ಬಾದಾಮಿ ಆಕಾರದ ಗುರುತು, ಅಂಚು ಕಪ್ಪು, ತುಂಬಾ ಅಚ್ಚುಕಟ್ಟು. ಹೆಬ್ಬಾವಿನ ಮರಿಗೆ ಮಚ್ಚೆ ಅಡ್ಡಾದಿಡ್ಡಿ. ಮಣ್ಣುಹಾವಿನಲ್ಲಿ ಮಚ್ಚೆ ಇರೋ ಜಾತಿ ಒಂದಿದೆ, ಅದ್ರ ಬಾಲ ತುಂಬಾ ಗಿಡ್ಡ, ಕುತ್ತಿಗೆ ಅಂತ ಬೇರೆ ಕಾಣಲ್ಲ. ಒಣ ಸೀಮೆಯಲ್ಲಿ ಹೆಬ್ಬಾವಿನ ಮರಿ ಅಂತ ಕೈಹಾಕಿ ಮಂಡಲದಿಂದ ಕಚ್ಚಿಸ್ಕೊಂಡೋರು ಇದಾರೆ, ಹಾಗಾಗಿ ಮರಿ ಹೆಬ್ಬಾವು ಅಂತ ಅನ್ಸಿದ್ನೆಲ್ಲ ಮಂಡಲ ಅಂತಾನೇ ತಿಳ್ಕೊಂಡು ದೂರ ಇರಿ. ಕೇರೆಗೆ ಕಣ್ಣು ದೊಡ್ಡದು, ತುಟಿ ಹುರುಪೆಗಳ ನಡುವೆ ಪೆನ್ನಲ್ಲಿ ಗೀರಿದ ಹಾಗೆ ಕಪ್ಪು ಗೆರೆ. ಎರಡು ಕೇರೆ ಹೆಣ್ಕೊಂಡು ಮೇಲೇಳೋದನ್ನ ನೀವು ಬಹಳ ಜನ ನೋಡಿರ್ತೀರಿ, ಅದ್ರ ಮೇಲೆ ಹೊಸ ಬಟ್ಟೆ ಹಾಕ್ತಾರೆ ಕೆಲವ್ರು, ಗಂಡು ಹೆಣ್ಣು ಅಂತ. ಅಲ್ಲ, ಎರಡೂ ಗಂಡು, ಕುಸ್ತಿ ಅದು, ಯಾವನು ಇನ್ನೊಬ್ಬನ ತಲೆ ನೆಲಕ್ಕೆ ಒತ್ತುತ್ತಾನೋ ಅವನು ಗೆದ್ದ. ನೀವು ಹಳೇ ಕಥೆ ನಂಬಿದ್ರೂ ನಂಬದಿದ್ರೂ ದೂರದಿಂದ ನೋಡಿ, ಅಷ್ಟು ಚಂದದ ಕುಸ್ತಿ ಬೇರೆ ಇಲ್ಲ.

ಕಾಳಿಂಗದ ಬಗ್ಗೆ ಒಂದು ಸಂತೋಷದ ಸುದ್ದಿ. ಇಷ್ಟು ವರ್ಷ ಏಷ್ಯಾದ ಎಲ್ಲ ಕಾಳಿಂಗನೂ ಒಂದೇ ಜಾತಿ ಅಂತಿದ್ರು. 2024ರಲ್ಲಿ ಪಿ. ಗೌರಿಶಂಕರ್ ಮತ್ತೆ ಜೊತೆಗಾರ ವಿಜ್ಞಾನಿಗಳು ಅದು ನಾಲ್ಕು ಜಾತಿ ಅಂತ ತೋರಿಸಿದ್ರು, ಪಶ್ಚಿಮ ಘಟ್ಟದ್ದಕ್ಕೆ ಒಫಿಯೋಫೇಗಸ್ ಕಾಳಿಂಗ ಅಂತ ಹೆಸರಿಟ್ರು. ನಮ್ಮಜ್ಜಿ ಬಾಯಲ್ಲಿದ್ದ ಪದ ಈಗ ಜಗತ್ತಿನ ವಿಜ್ಞಾನದ ಪದ. ಅದು ತಿನ್ನೋದು ಹೆಚ್ಚಾಗಿ ಬೇರೆ ಹಾವನ್ನೇ, ನಮ್ಮ ಕಡೆ ಕೇರೆ ಅಂದ್ರೆ ಅದಕ್ಕೆ ಊಟ. ತರಗೆಲೆ ಗುಡ್ಡೆ ಹಾಕಿ ಗೂಡು ಕಟ್ಟಿ ಮೊಟ್ಟೆ ಇಡೋ ಹಾವು ಅದೊಂದೇ. ಬೇಸಿಗೆ ಕೊನೆಗೆ ತೋಟದಂಚಲ್ಲಿ ದರಗು ರಾಶಿ ಆಗಿ ಕಂಡ್ರೆ ಕೆದಕಬೇಡಿ, ಅರಣ್ಯ ಇಲಾಖೆಗೆ ತಿಳಿಸಿ.

ಈಗ ಆ ಹುಡುಗನ ಅಸಲಿ ಪ್ರಶ್ನೆಗೆ ಬರ್ತೀನಿ, ಸಾಕೋದು. ನಾನು ಹದಿನಾಲ್ಕು ವರ್ಷದವನಿದ್ದಾಗ ಒಂದು ಆಭರಣ ಹಾವು ಹಿಡಿದು ತಂದಿದ್ದೆ. ತುಂಬಾ ಚಂದದ ಹಾವು ಅದು, ಕಂದು ಮೈ, ಹಿಂದಿನ ಭಾಗದಲ್ಲಿ ಎರಡು ಗಾಢ ಪಟ್ಟೆ, ಹೆದರಿದ್ರೆ ಕುತ್ತಿಗೆ ಉಬ್ಬಿಸಿ ಎಸ್ ಆಕಾರದಲ್ಲಿ ನಿಲ್ಲತ್ತೆ. ಮನೇಲಿ ಬಿದ್ದಿದ್ದ ಹಳೇ ಮೀನಿನ ತೊಟ್ಟಿಗೆ ಮರಳು ಹಾಕಿ ಒಳಗೆ ಬಿಟ್ಟೆ. ಇಲಿ ಮರಿ ಹಾಕ್ದೆ, ತಿನ್ನಲಿಲ್ಲ. ಹಲ್ಲಿ ಹಾಕ್ದೆ, ತಿನ್ನಲಿಲ್ಲ. ರಾತ್ರಿ ಇಡೀ ಗಾಜಿಗೆ ಮೂತಿ ಉಜ್ಜೋ ಸದ್ದು ಬರ್ತಿತ್ತು, ಸರ್ ಸರ್ ಅಂತ. ಹದಿನೈದು ದಿನಕ್ಕೆ ಮೂಗಿನ ತುದಿ ಹುರುಪೆ ಕಿತ್ತು ಕೆಂಪಾಗಿತ್ತು. ಅಮ್ಮ ಬಿಟ್ಬಿಡು ಅಂದ್ರು, ನಾನು ಒಗ್ಗತ್ತೆ ಅಂದೆ. ಐದನೇ ವಾರ ಬಾಯಿ ಅಂಚಲ್ಲಿ ಕೀವು ಬಂತು, ಬಾಯಿ ಪೂರ್ತಿ ಮುಚ್ಚೋಕಾಗ್ತಿರಲಿಲ್ಲ ಅದಕ್ಕೆ, ಒಂದು ಬೆಳಿಗ್ಗೆ ಮಗುಚಿಕೊಂಡು ಬಿದ್ದಿತ್ತು. ಆ ಸದ್ದು ನಂಗೆ ಇವತ್ತಿಗೂ ಕೇಳತ್ತೆ. ನಾನು ಅದನ್ನ ಪ್ರೀತಿಯಿಂದಾನೇ ಇಟ್ಕೊಂಡಿದ್ದೆ ಅನ್ನೋದು ಅದಕ್ಕೆ ಏನೂ ಉಪಯೋಗಕ್ಕೆ ಬರಲಿಲ್ಲ.

ಕಾಡು ಹಾವು ತೊಟ್ಟಿಯಲ್ಲಿ ಒಗ್ಗಲ್ಲ, ಅದು ಮೊದಲನೇ ಮಾತು. ಎರಡನೇದು ಕಾನೂನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ನಮ್ಮ ಕಾಡಿನ ಹಾವನ್ನ ಹಿಡಿದು ಮನೇಲಿ ಇಟ್ಕೊಳ್ಳೋದು ಅಪರಾಧ, ವಿಷ ಇದ್ರೂ ಇಲ್ದಿದ್ರೂ. 2022ರಲ್ಲಿ ತಿದ್ದುಪಡಿ ಆಯ್ತು, ಅದ್ರಲ್ಲಿ ಹೆಬ್ಬಾವು, ಕಾಳಿಂಗದ ಜೊತೆಗೆ ನಾಗರಹಾವು, ಕೇರೆ ಕೂಡ ಮೊದಲನೇ ಅನುಸೂಚಿಯಲ್ಲಿವೆ, ಅಂದ್ರೆ ಹುಲಿ ಇರೋ ಪಟ್ಟಿ. ಶಿಕ್ಷೆ ಕನಿಷ್ಠ 3 ವರ್ಷ, 7 ವರ್ಷದ ತನಕ ಹೋಗಬಹುದು. ಮನೆಗೆ ಬಂದ ಹಾವು ಹಿಡಿದು ಬಿಡೋದಕ್ಕೂ ಇಲಾಖೆ ಅನುಮತಿ ಬೇಕು. ಎರಡು ತಲೆ ಹಾವು, ಅದೇ ಮಣ್ಣುಮುಕ್ಕ, ಮನೇಲಿದ್ರೆ ದುಡ್ಡು ಬರತ್ತೆ ಅಂತ ಲಕ್ಷಗಟ್ಟಲೆ ಆಸೆ ತೋರಿಸ್ತಾರಲ್ಲ, ಅದಕ್ಕೆ ಇರೋದು ಒಂದೇ ತಲೆ, ಬಾಲ ಮೊಂಡು ಅಷ್ಟೆ. ಆ ಆಸೆಗೆ ಬಿದ್ದು ನಮ್ಮ ಕಡೆ ಹುಡುಗರು ಜೈಲಿಗೆ ಹೋಗಿದಾರೆ, ಹಾವುಗಳು ಗೋಣಿಚೀಲದಲ್ಲಿ ಉಸಿರುಕಟ್ಟಿ ಸತ್ತಿವೆ.

ಹಾಗಾದ್ರೆ ಫಾರಿನ್ ಹಾವು ಸಾಕ್ತಾರಲ್ಲ ಅಂತ ಯಾರೋ ಹಿಂದಿಂದ ಕೇಳಿದ್ರಿ. ಹೌದು, ಬಾಲ್ ಪೈಥಾನ್ ಅಂತ ಪಶ್ಚಿಮ ಆಫ್ರಿಕಾದ್ದು, ಕಾರ್ನ್ ಸ್ನೇಕ್ ಅಂತ ಅಮೆರಿಕದ್ದು, ಬೋನಲ್ಲೇ ತಲೆಮಾರುಗಟ್ಟಲೆ ಹುಟ್ಟಿ ಬೆಳೆದಿರೋವು. ಬಾಲ್ ಪೈಥಾನ್ ಥರದ, ವನ್ಯಜೀವಿ ವ್ಯಾಪಾರಕ್ಕೆ ನಿಯಂತ್ರಣ ಹಾಕೋ ಅಂತಾರಾಷ್ಟ್ರೀಯ ಪಟ್ಟಿಯಲ್ಲಿರೋ ಪ್ರಾಣಿ ಇಟ್ಕೊಂಡ್ರೆ 2024ರ ನಿಯಮ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸ್ಬೇಕು, ಮರಿ ಹಾಕಿದ್ರೂ, ಬೇರೆಯವರಿಗೆ ಕೊಟ್ರೂ, ಸತ್ರೂ ತಿಳಿಸ್ಬೇಕು. ಬಿಲ್ಲು ಕಾಗದ ಇಲ್ದೇ ಮಾರೋರ ಹತ್ರ ತಗೋಬೇಡಿ. ನಾನು ಸಾಕಲ್ಲ, ಆದ್ರೆ ನಿಯತ್ತಾಗಿ ಸಾಕೋರನ್ನ ನೋಡಿದೀನಿ, ಅವರ ಬಗ್ಗೆ ಗೌರವ ಇದೆ. ಅದ್ರ ಕಷ್ಟ ಮಾತ್ರ ತಿಳ್ಕೊಳ್ಳಿ. ಹಾವಿಗೆ ಮೈಬಿಸಿ ತಾನೇ ಮಾಡ್ಕೊಳ್ಳೋಕೆ ಬರಲ್ಲ, ಪೆಟ್ಟಿಗೆಯ ಒಂದು ತುದಿ 31–33 ಡಿಗ್ರಿ, ಇನ್ನೊಂದು ತುದಿ 26ರ ಆಸುಪಾಸು ಇರ್ಬೇಕು, ಬೇಕಾದ ಕಡೆ ಅದು ಸರಿದು ಹೋಗತ್ತೆ. ಎರಡೂ ಕಡೆ ಅಡಗೋ ಗೂಡು ಬೇಕು. ಹೀಟರ್‌ಗೆ ಥರ್ಮೋಸ್ಟಾಟ್ ಇಲ್ದಿದ್ರೆ ಹೊಟ್ಟೆ ಸುಟ್ಟೋಗತ್ತೆ. ಇಲಿ ಜೀವಂತ ಹಾಕ್ಬಾರ್ದು, ಅದು ತಿರುಗಿ ಹಾವನ್ನೇ ಕಚ್ಚತ್ತೆ, ಫ್ರೀಜ್ ಮಾಡಿದ್ದನ್ನ ಪೂರ್ತಿ ಕರಗಿಸಿ ಬೆಚ್ಚಗೆ ಮಾಡಿ ಕೊಡ್ಬೇಕು. ಈಗ ಸಕಲೇಶಪುರದ ಜುಲೈ ತಿಂಗಳು ನೆನಪು ಮಾಡ್ಕೊಳ್ಳಿ. ಗಾಳಿಗೆ ಸಿಲ್ವರ್ ಮರ ಲೈನ್ ಮೇಲೆ ಬಿತ್ತು, ಮೂರು ದಿನ ಕರೆಂಟಿಲ್ಲ, ಮನೆಯೊಳಗೆ ಗೋಡೆ ಎಲ್ಲ ಒಸರ್ತಿದೆ. ಹಿಂದಿನ ದಿನ ಇಲಿ ನುಂಗಿದ ಹಾವಿಗೆ ಬಿಸಿ ಇಲ್ದೆ ಅದು ಅರಗಲ್ಲ, ಕಕ್ಕತ್ತೆ, ಥಂಡಿಗೆ ಉಸಿರಾಟದ ಸೋಂಕು ಬಂದು ಬಾಯಿ ತೆರ್ಕೊಂಡು ಉಸಿರಾಡತ್ತೆ. ಆ ಹೊತ್ತಲ್ಲಿ ಹಾವಿಗೆ ಔಷಧಿ ಗೊತ್ತಿರೋ ವೆಟರ್ನರಿ ಡಾಕ್ಟರ್ ಎಷ್ಟು ದೂರದಲ್ಲಿದಾರೆ? ಬಾಲ್ ಪೈಥಾನ್ 20–30 ವರ್ಷ ಬದುಕೋದು, ನೀನು ಓದಿ ಕೆಲಸಕ್ಕೆ ಬೆಂಗಳೂರಿಗೆ ಹೋದ್ರೆ ಅಮ್ಮ ನೋಡ್ಕೋತಾರಾ, ಇದನ್ನ ಕೇಳ್ಕೊಂಡು ಆಮೇಲೆ ತೀರ್ಮಾನ ಮಾಡಪ್ಪಾ. ಬೇಜಾರಾಯ್ತು ಅಂತ ಕಾಡಿಗೆ ಬಿಡೋ ಯೋಚನೆಯಂತೂ ಬೇಡವೇ ಬೇಡ, ಅಮೆರಿಕದ ಫ್ಲೋರಿಡಾದಲ್ಲಿ ಸಾಕಿದೋರು ಬಿಟ್ಟ, ಬೋನಿಂದ ತಪ್ಪಿಸ್ಕೊಂಡ ಬರ್ಮಾ ಹೆಬ್ಬಾವು ಇವತ್ತು ಅಲ್ಲಿಯ ಜೌಗಿನ ಪ್ರಾಣಿಗಳನ್ನೆಲ್ಲ ಖಾಲಿ ಮಾಡ್ತಿವೆ.

ಕಚ್ಚಿದ್ರೆ ಏನು ಮಾಡ್ಬೇಕು ಅನ್ನೋದನ್ನ ಹೇಳ್ದೆ ಹೋದ್ರೆ ತಪ್ಪಾಗತ್ತೆ. ನಮ್ಮ ದೇಶದಲ್ಲಿ 2000ದಿಂದ 2019ರ ತನಕ ಹಾವು ಕಚ್ಚಿ ಸತ್ತೋರು ಸುಮಾರು 12 ಲಕ್ಷ ಅಂತ ಅಂದಾಜು, ವರ್ಷಕ್ಕೆ ಸರಾಸರಿ 58 ಸಾವಿರ. ಕರ್ನಾಟಕ 2024ರಲ್ಲಿ ಹಾವು ಕಡಿತನ ಕಡ್ಡಾಯವಾಗಿ ವರದಿ ಮಾಡ್ಬೇಕಾದ ಪಟ್ಟಿಗೆ ಸೇರಿಸ್ತು, ಒಳ್ಳೇ ಕೆಲಸ. ಹಗ್ಗ ಬಿಗೀಬೇಡಿ, ಕುಯ್ಯಬೇಡಿ, ಬಾಯಲ್ಲಿ ಹೀರಬೇಡಿ, ಕಚ್ಚಿದ ಕೈಯೋ ಕಾಲೋ ಅಲ್ಲಾಡದ ಹಾಗೆ ಕೋಲು ಇಟ್ಟು ಸಡಿಲಾಗಿ ಕಟ್ಟಿ, ಉಂಗುರ ಬಳೆ ತೆಗೀರಿ, ಸೀದಾ ಆಸ್ಪತ್ರೆ. ಹಾವು ಹಿಡ್ಕೊಂಡು ಹೋಗೋದು ಬೇಡ, ಸಾಧ್ಯ ಆದ್ರೆ ದೂರದಿಂದ ಫೋಟೋ. ಅಲ್ಲಿ ಒಂದು ಸರಳ ಪರೀಕ್ಷೆ ಮಾಡ್ತಾರೆ, ಸ್ವಲ್ಪ ರಕ್ತನ ಒಣಗಿದ ಗಾಜಿನ ಕೊಳವೆಗೆ ಹಾಕಿ 20 ನಿಮಿಷ ಅಲ್ಲಾಡಿಸದೆ ಇಟ್ಟು ಆಮೇಲೆ ವಾಲಿಸಿ ನೋಡೋದು. ಹೆಪ್ಪುಗಟ್ಟದೆ ನೀರಿನ ಥರ ಹರಿದ್ರೆ ಮಂಡಲದ ಜಾತಿಯ ವಿಷ ಕೆಲಸ ಮಾಡ್ತಿದೆ ಅಂತ. ನಮ್ಮಲ್ಲಿ ಸಿಗೋ ಆ್ಯಂಟಿವೆನಮ್ ತಯಾರಾಗಿರೋದು ನಾಗರಹಾವು, ಕಟ್ಟುಹಾವು, ಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ. ಮಲೆನಾಡಿನೋರು ಇದನ್ನ ಚೆನ್ನಾಗಿ ಕೇಳಿಸ್ಕೊಳ್ಳಿ, ದರಗಿನಲ್ಲಿ ಮೂಗು ಮೇಲೆತ್ತಿಕೊಂಡು ಕೂರೋ ಪುಟ್ಟ ಹಂಪ್ ನೋಸ್ಡ್ ಪಿಟ್ ವೈಪರ್ ಇದೆಯಲ್ಲ, ಗೇಣುದ್ದ ಸ್ವಲ್ಪ ಜಾಸ್ತಿ, ಒಣ ಎಲೆ ಬಣ್ಣ, ಅದ್ರ ವಿಷಕ್ಕೆ ಈ ಔಷಧಿ ಕೆಲಸಕ್ಕೆ ಬರಲ್ಲ. ನಮ್ಮ ಚಿಕ್ಕಪ್ಪನಿಗೆ ಕೈಗೆ ಕಚ್ಚಿ, ಎರಡು ದಿನ ನಾಟಿ ಔಷಧಿ ಅಂತ ಮನೇಲೇ ಇಟ್ಕೊಂಡು, ಆಮೇಲೆ ಕಿಡ್ನಿಗೆ ಬಂದು ಡಯಾಲಿಸಿಸ್ ಮಾಡಿಸಿ ಉಳಿಸ್ಕೊಂಡ್ವಿ. ಔಷಧಿ ಇಲ್ಲ ಅಂತ ಆಸ್ಪತ್ರೆ ಬೇಡ ಅಂತಲ್ಲ ಅರ್ಥ, ಕಿಡ್ನಿ, ರಕ್ತಸ್ರಾವ ನೋಡ್ಕೊಳ್ಳೋದು ಅಲ್ಲಿ ಮಾತ್ರ ಸಾಧ್ಯ. ಗಮ್ ಬೂಟು, ಕೈಗೆ ದಪ್ಪ ಗ್ಲೌಸ್, ಕೆಳಗಿನ ಕೊಂಬೆಗೆ ಕೈಹಾಕೋ ಮುಂಚೆ ಕೋಲಲ್ಲಿ ಒಂದು ಸಲ ಅಲ್ಲಾಡಿಸೋದು, ಇಷ್ಟು ಅಭ್ಯಾಸ ಆಗ್ಲಿ.

ಆ ಹುಡುಗ ಇಲ್ಲೇ ಇದಾನೆ, ಎರಡನೇ ಸಾಲಲ್ಲಿ. ನೀನು ನೋಟ್‌ಬುಕ್ ಒಂದು ಇಟ್ಕೊ. ಯಾವ ಹಾವು, ಎಲ್ಲಿ, ಎಷ್ಟು ಹೊತ್ತಿಗೆ, ಮಳೆ ಇತ್ತಾ, ಏನು ಮಾಡ್ತಿತ್ತು, ಬರಿ. ಹೋದ ಆಗಸ್ಟಲ್ಲಿ ನಮ್ಮ ತೋಟದಲ್ಲಿ ಚಿಗುರು ತೆಗೆಯೋ ಕೆಲಸ ನಡೀತಿತ್ತು. ಕೆಲಸದ ಅಕ್ಕ ಒಬ್ರು ಒಂದು ರೋಬಸ್ಟಾ ಕಾಫಿ ಗಿಡದಲ್ಲಿ ಹಸಿರು ಪಿಟ್ ವೈಪರ್ ನೋಡಿದ್ರು, ಸೊಂಟದ ಎತ್ತರದ ಕವಲಲ್ಲಿ, ತಲೆ ಕೆಳಗೆ ಇಳಿಬಿಟ್ಕೊಂಡು. ಕೂಗಲಿಲ್ಲ, ಹೊಡೀಲಿಲ್ಲ, ತಮ್ಮ ತಲೆಗೆ ಕಟ್ಟಿದ್ದ ಬಟ್ಟೆಯ ಅಂಚು ಹರಿದು ಆ ಗಿಡಕ್ಕೂ ಸುತ್ತಲಿನ ಮೂರು ಗಿಡಕ್ಕೂ ಕಟ್ಟಿ, ಆ ನಾಲ್ಕು ಬಿಟ್ಟು ಮುಂದೆ ಹೋದ್ರು. ನಾನು ದಿನಾ ಸಂಜೆ ಹತ್ತಡಿ ದೂರ ನಿಂತು ನೋಡಿ ಬರ್ಕೊಂಡೆ. ಒಂಬತ್ತು ದಿನ ಅದೇ ಕವಲು. ಆರನೇ ದಿನ ಸಂಜೆ ಮಳೆ ನಿಂತ ಮೇಲೆ ಹೋದಾಗ ಬಾಯಲ್ಲಿ ಕಪ್ಪೆ ಇತ್ತು, ಹಿಂಗಾಲು ಎರಡೂ ಇನ್ನೂ ಹೊರಗೆ. ಹತ್ತನೇ ದಿನ ಹಾವಿರಲಿಲ್ಲ. ಹನ್ನೊಂದನೇ ದಿನ ಅಕ್ಕ ಬಂದು ಕೋಲಲ್ಲಿ ಗಿಡ ಅಲ್ಲಾಡಿಸಿ, ಸುತ್ತ ನೋಡಿ, ಬಟ್ಟೆ ಬಿಚ್ಕೊಂಡು ಆ ನಾಲ್ಕು ಗಿಡದ ಚಿಗುರು ತೆಗೆದ್ರು.